ಮೂಡಲಪಾಳ್ಯದಿಂದ ಗದಗಿಗೆ ಒಂದು ಹಳೆಯ ಸೈಕಲ್ಲು

ಮೂಡಲಪಾಳ್ಯವು ಹೆಸರಿನಲ್ಲಿ ಮೂಡಣ ದಿಕ್ಕನ್ನು ಹೊತ್ತಿದ್ದರೂ ಇರುವುದು ಬೆಂಗಳೂರಿನ ಪಡುವಣದಲ್ಲಿ. 2022ರ ಜೂನ್ ತಿಂಗಳಿನಲ್ಲಿ ಇಲ್ಲಿನ ಸೈಕಲ್ ರಿಪೇರಿ ಅಂಗಡಿಯೊಂದರಲ್ಲಿ ಎರಡೂವರೆ ಸಾವಿರ ರೂಪಾಯಿ ಕೊಟ್ಟು ನಾನೊಂದು ಹಳೆಯ ಲೇಡೀಸ್ ಸೈಕಲ್ಲನ್ನು ಕೊಂಡೆ. ಗದಗಿನ ಸಮೀಪದ ಹಳ್ಳಿಯಲ್ಲಿರುವ ನನ್ನ ತಂಗಿಯ ಮೊಮ್ಮಗಳು ಆ ವರ್ಷ ಎಂಟನೆಯ ತರಗತಿಗೆ ಬಂದಿದ್ದಳು. ಪ್ರೌಢಶಾಲೆ ಐದು ಕಿಲೋಮೀಟರ್ ದೂರ; ಬಸ್ಸಿನ ವೇಳೆಗೂ ಶಾಲೆಯ ಗಂಟೆಗೂ ಹೊಂದಾಣಿಕೆಯಿಲ್ಲ. 2006-07ರಲ್ಲಿ ಆರಂಭವಾಗಿದ್ದ ಸರ್ಕಾರದ ಉಚಿತ ಸೈಕಲ್ ಯೋಜನೆ ಕೋವಿಡ್ ಬಂದ ಮೇಲೆ ನಿಂತುಹೋಗಿತ್ತು. ಹುಡುಗಿಯನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ಎದ್ದಿತ್ತು. ಹಣವನ್ನೇ ಕಳುಹಿಸಬಹುದಾಗಿತ್ತಲ್ಲ ಎಂದು ಓದುಗರು ಕೇಳಬಹುದು. ಹಣವಾದರೆ ಬಿತ್ತನೆಯ ಖರ್ಚಿಗೆ ಹೋದೀತು, ಸೈಕಲ್ಲಾದರೆ ಶಾಲೆಗೇ ಹೋಗುತ್ತದೆ ಎಂಬುದು ಈ ಹಳೆಯ ಮೇಷ್ಟರ ಲೆಕ್ಕ.

ಆದರೆ ಮೊದಲು ವಿಚಾರಿಸಿದ ಕೊರಿಯರ್ ಕಚೇರಿಯವರು ಹೇಳಿದ ದರವು ಸೈಕಲ್ಲಿನ ಬೆಲೆಯನ್ನೇ ಮೀರಿತ್ತು. ಇಪ್ಪತ್ತು ಕಿಲೋ ಆಸುಪಾಸಿನ ವಸ್ತುವಿಗೆ ಇಷ್ಟೇಕೆ ಎಂದು ಕೇಳಿದಾಗ ಆ ತರುಣ ಸಮಾಧಾನವಾಗಿ ಲೆಕ್ಕ ಬಿಡಿಸಿ ತೋರಿಸಿದ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದರ. 140, 25, 80ನ್ನು ಗುಣಿಸಿ ಭಾಗಿಸಿದರೆ 56 ಕಿಲೋ! ವಿಮಾನದಲ್ಲಿ ತೂಕದಷ್ಟೇ ಜಾಗವೂ ದುಬಾರಿಯಾದ್ದರಿಂದ ಹುಟ್ಟಿದ ಲೆಕ್ಕವಿದು. ಸೈಕಲ್ಲಿನೊಳಗಿನ ಗಾಳಿಗೆ ಮಾತ್ರವಲ್ಲ, ಕಂಬಿಗಳ ನಡುವಿನ ಗಾಳಿಗೂ ನಾನು ಬಾಡಿಗೆ ತೆರಬೇಕಾಗಿತ್ತು. ಅಂಚೆಯವರ ಸ್ಪೀಡ್ ಪೋಸ್ಟ್ 35 ಕಿಲೋವರೆಗೆ ಒಯ್ಯುತ್ತದಾದರೂ ಬಿಚ್ಚದ ಸೈಕಲ್ಲು ಅದರ ಉದ್ದದ ಮಿತಿಯೊಳಗೆ ಬಾರದು.

ಮನೆಗೆ ಹಿಂದಿರುಗುವಾಗ 1974 ನೆನಪಾಯಿತು. ನನಗೆ ಕೆಲಸ ಸಿಕ್ಕಿದ ಮೊದಲ ಶಾಲೆ ಆ ಗದಗಿನ ಕಡೆಯದೇ. ಆ ಕಾಲದಲ್ಲಿ ದೂರದೂರಿಗೆ ಸೈಕಲ್ಲು ಕಳುಹಿಸುವುದೆಂದರೆ ರೈಲ್ವೆ ಪಾರ್ಸೆಲ್ ಎಂಬುದು ಪ್ರಶ್ನೆಯಿಲ್ಲದ ಮಾತು. ಹೆಸರು, ಊರು ಬರೆದ ಚೀಟಿ ಕಟ್ಟಿ, ತೂಗಿಸಿ, ಆರ್.ಆರ್. ರಶೀದಿಯನ್ನು ಜೋಪಾನವಾಗಿ ಇಟ್ಟುಕೊಂಡು, ತಲುಪಿದ ನಿಲ್ದಾಣದಲ್ಲಿ ಅದನ್ನು ತೋರಿಸಿ ಬಿಡಿಸಿಕೊಳ್ಳುವುದು. ಹುಬ್ಬಳ್ಳಿಯ ಕಡೆಗೆ ಅಂದು ಇದ್ದದ್ದು ಮೀಟರ್ ಗೇಜ್. ಮದರಾಸಿನಿಂದ ಬ್ರಾಡ್ ಗೇಜಿನಲ್ಲಿ ಬಂದ ಸರಕು ಬೆಂಗಳೂರಿನಲ್ಲಿ ಬಂಡಿ ಬದಲಿಸಬೇಕಾಗುತ್ತಿತ್ತು. ಆ ಮಾರ್ಗ ಅಗಲಗೊಂಡದ್ದು 1990ರ ದಶಕದಲ್ಲಿ. ಆದರೆ ಆ ವರ್ಷದ ಮೇ 8ರಿಂದ 27ರವರೆಗೆ ಜಾರ್ಜ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ದೇಶಾದ್ಯಂತ ರೈಲ್ವೆ ಮುಷ್ಕರ ನಡೆದಿತ್ತು. ಮುಷ್ಕರ ಮುಗಿದರೂ ಪಾರ್ಸೆಲ್ಲನ್ನು ನಂಬಿಕೊಳ್ಳುವ ಧೈರ್ಯ ನನಗಾಗಲಿಲ್ಲ. ಹಮಾಲನೊಬ್ಬನಿಗೆ ಎಂಟಾಣೆ ಕೊಟ್ಟು ನನ್ನ ಹರ್ಕ್ಯುಲಿಸ್ ಸೈಕಲ್ಲನ್ನು ಬಸ್ಸಿನ ಟಾಪ್ ಮೇಲೆ ಕಟ್ಟಿಸಿ, ಲಗೇಜ್ ಟಿಕೆಟ್ ಕೊಂಡು ಹೊರಟೆ. ಪ್ರತಿ ನಿಲುಗಡೆಯಲ್ಲೂ ಇಳಿದು ಕತ್ತೆತ್ತಿ ನೋಡಿದ್ದೇ ಪ್ರಯಾಣವಾಯಿತು.

ಅದಾದ ಎರಡು ವರ್ಷಕ್ಕೆ, 1976ರಲ್ಲಿ, ಅದೇ ಗದಗಿನಲ್ಲಿ ಮುದ್ರಣೋದ್ಯಮದ ಮನೆತನದವರಾದ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ಸಾಗಾಣಿಕೆ ಆರಂಭಿಸಿದರು. ಮುಂದೆ ಅದು ವಿ.ಆರ್.ಎಲ್. ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅವರಂಥವರು ಬೆಳೆಸಿದ್ದು ಬಿಡಿ ಸರಕಿನ ವ್ಯವಹಾರವನ್ನು: ಒಬ್ಬನ ಎರಡು ಮೂಟೆ, ಇನ್ನೊಬ್ಬನ ಒಂದು ಪೆಟ್ಟಿಗೆ, ಹೀಗೆ ಹಲವರ ಸಾಮಾನು ಸೇರಿ ಒಂದು ಲಾರಿ ತುಂಬುವುದು. ಇದಕ್ಕೆ ದೊಡ್ಡ ತೊಡಕಾಗಿದ್ದುದು ಊರಿನ ಬಾಗಿಲಲ್ಲೇ ಇರುತ್ತಿದ್ದ ಆಕ್ಟ್ರಾಯ್ ಕಟ್ಟೆ. ಉತ್ತರ ಕರ್ನಾಟಕದವರ ಬಾಯಲ್ಲಿ ಜಕಾತಿ ನಾಕಾ. ಹತ್ತು ಜನರ ಸರಕಿದ್ದ ಲಾರಿಗೆ ಹತ್ತು ಲೆಕ್ಕ. 1979ರಲ್ಲಿ ಕರ್ನಾಟಕ ಸರ್ಕಾರ ಆಕ್ಟ್ರಾಯನ್ನು ರದ್ದುಪಡಿಸಿತು. ರಾಜಕೀಯ ಚರಿತ್ರೆ ಬರೆದವರು ಇದಕ್ಕೆ ಒಂದು ಸಾಲು ಕೊಟ್ಟರೆ ಹೆಚ್ಚು. ಆದರೆ ಬಡವನ ಒಂದು ಗಂಟು ಅಗ್ಗವಾಗಿ ಊರು ದಾಟುವಂತಾದುದರಲ್ಲಿ ಅದರ ಪಾಲು ಸಣ್ಣದಲ್ಲವೆಂದು ನನ್ನ ಅಭಿಪ್ರಾಯ.

ಸಾರಿಗೆ ನಿಗಮದ 'ನಮ್ಮ ಕಾರ್ಗೋ' 2021ರ ಫೆಬ್ರುವರಿಯಲ್ಲಿ ಆರಂಭವಾಗಿದ್ದಿತು. ಅದನ್ನೂ ಯೋಚಿಸಿದೆ. ಬಸ್ಸಿನ ಹೊಟ್ಟೆಯೊಳಗೆ ಇಡಬೇಕಾದರೆ ಚಕ್ರ ಬಿಚ್ಚಬೇಕಾದೀತು, ಹಳ್ಳಿಯಲ್ಲಿ ಮತ್ತೆ ಜೋಡಿಸುವವರು ಯಾರು ಎಂದು ಹಿಂಜರಿದೆ. ಕೊನೆಗೆ ಮೈಸೂರು ರಸ್ತೆಯ ಬದಿಯ ಒಂದು ಲಾರಿ ಬುಕಿಂಗ್ ಕಚೇರಿಯೇ ಗತಿಯಾಯಿತು. ಇಲ್ಲಿ ನಾವೇ ಒಯ್ದು ಕೊಡಬೇಕು, ಅಲ್ಲಿ ಅವರೇ ಗೋಡೌನಿಗೆ ಬಂದು ಒಯ್ಯಬೇಕು; ಅದಕ್ಕೇ ಅಗ್ಗ. ಐದು ನೂರು ರೂಪಾಯಿಯೊಳಗೆ ಮುಗಿಯಿತು. 'ಟು-ಪೇ' ಮಾಡಲೇ ಎಂದು ಗುಮಾಸ್ತ ಕೇಳಿದ. ಬಾಡಿಗೆಯನ್ನು ತಂಗಿಯ ಮನೆಯವರು ಕೊಡುವಂತಾಗಬಾರದೆಂದು ಇಲ್ಲಿಯೇ ಪಾವತಿಸಿ ಲಾರಿ ರಶೀದಿ ಪಡೆದೆ.

ಕಟ್ಟುವ ಕೆಲಸ ನನ್ನದೇ. ಹ್ಯಾಂಡಲ್ಲನ್ನು ಓರೆಯಾಗಿ ತಿರುಗಿಸಿ ಬಿಗಿದೆ. ಪೆಡಲ್ಲುಗಳನ್ನು ಬಿಚ್ಚುವಾಗ ಎಡಗಡೆಯದು ಅರ್ಧ ಗಂಟೆ ಸತಾಯಿಸಿತು. ಅದರ ಮರೆ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆಂಬುದು ಮರೆತೇಹೋಗಿತ್ತು. ಹಳೆಯ ಗೋಣಿತಾಟುಗಳನ್ನು ಸುತ್ತಿ ದಬ್ಬಣದಿಂದ ಹೊಲಿದೆ.

ಮೂರನೆಯ ದಿನ ತಂಗಿಯ ಮಗನಿಂದ ಫೋನು ಬಂದಿತು. "ಮಾಮಾ, ಸೈಕಲ್ ಬಂದು ಮುಟ್ಟೈತ್ರಿ. ಹುಡುಗಿ ಆಗಲೇ ಹತ್ತಿ ಒಂದು ಸುತ್ತು ಹೋಗಿ ಬಂದಳು. ಖರೇ, ಬೆಲ್ ಒಂದು ಎಲ್ಲೋ ಬಿದ್ದು ಹೋಗೇತಿ ನೋಡ್ರಿ."

ಲಾರಿಯವರನ್ನು ಬೈಯಲು ಬಾಯಿ ತೆರೆದವನು ಸುಮ್ಮನಾದೆ. ದಾರಿಯಲ್ಲಿ ಕಳೆದೀತೆಂದು ನಾನೇ ಅದನ್ನು ಬಿಚ್ಚಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಮರುದಿನ ಅಂಚೆಗೆ ಹಾಕಿದೆ.