ಇಲಿಗೆ ಎಡೆಗೊಡದ ಬಡಾವಣೆ: ಬೆಂಗಳೂರು ದಂಡಿನ ಪ್ಲೇಗು ಸಿದ್ಧತೆ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ಅಂದರೆ ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಕಟ್ಟಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಜ್ವರ, ಎರಡು ವರ್ಷಗಳ ತರುವಾಯ ರೈಲು ಹಾದಿ ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿದಾಗ ಈ ಊರು ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಪೇಟೆಯು ಮೈಸೂರು ಸಂಸ್ಥಾನದ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಅಧಿಕಾರಕ್ಕೆ ಒಳಪಟ್ಟಿದ್ದರೆ, ಇಂದಿನ ಶಿವಾಜಿನಗರ ಮತ್ತು ಹಲಸೂರುಗಳನ್ನು ಒಳಗೊಂಡ ದಂಡು ಪ್ರದೇಶವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ರೋಗಕ್ಕೆ ಈ ಎಲ್ಲೆಯ ಹಂಗಿರಲಿಲ್ಲ.

ಮುಂಬಯಿಯ ಹಾವಳಿಯ ನಡುವೆ ಬ್ರಿಟಿಷ್ ಸರ್ಕಾರ ತರಾತುರಿಯಲ್ಲಿ ರೂಪಿಸಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಸೋಂಕು ಶಂಕಿತರನ್ನು ಬೇರ್ಪಡಿಸಿ ಇರಿಸುವ ಅಧಿಕಾರವನ್ನು ನೀಡಿತ್ತು. ಕೆಲವೇ ಸೆಕ್ಷನ್‌ಗಳ ಆ ಕಾಯ್ದೆಯ ದೃಷ್ಟಿಯೆಲ್ಲ ಮನುಷ್ಯನ ಮೇಲೆಯೇ ನೆಟ್ಟಿತ್ತು. ಬೆಂಗಳೂರಿನಲ್ಲಿಯೂ ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು, ಪರಿಹಾರ ಕಾರ್ಯದ ಹೊಂದಾಣಿಕೆಗೆಂದು ದೂರವಾಣಿ ತಂತಿಗಳನ್ನು ಎಳೆಯಲಾಯಿತು. ವಾಸ್ತವದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಊರು ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಹಳ್ಳಿಗರ ನಡೆ ಈ ಆಜ್ಞೆಗಳಿಗಿಂತ ರೋಗದ ಮೂಲಕ್ಕೆ ಹತ್ತಿರವಾಗಿತ್ತು. ಇಲಿಯ ಮೈಮೇಲಿನ ಚಿಗಟವೇ ಸೋಂಕನ್ನು ಹೊತ್ತೊಯ್ಯುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮೊಂಡ್ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ. ಆದರೆ 1905ರಲ್ಲಿ ಕೆಲಸ ಆರಂಭಿಸಿದ ಭಾರತದ ಪ್ಲೇಗು ಸಂಶೋಧನಾ ಆಯೋಗವು ಅದನ್ನು ದೃಢಪಡಿಸುವವರೆಗೆ ಆ ಮಾತಿಗೆ ಮನ್ನಣೆ ದೊರೆಯಲಿಲ್ಲ.

ಈ ತಿಳಿವಳಿಕೆ ದಂಡಿನಲ್ಲಿ ಕಲ್ಲು ಗಾರೆಗಳ ರೂಪ ತಾಳಿತು. ಬ್ಲಾಕ್‌ಪಲ್ಲಿ ಎಂದು ಕರೆಯಲಾಗುತ್ತಿದ್ದ, ಗೋಡೆಗೆ ಗೋಡೆ ತಾಗಿ ಬೆಳೆದಿದ್ದ ಇಂದಿನ ಶಿವಾಜಿನಗರದ ಇಕ್ಕಟ್ಟನ್ನು ಸಡಿಲಿಸುವ ಉದ್ದೇಶದಿಂದ ಹೊಸ ಬಡಾವಣೆಯೊಂದನ್ನು ಯೋಜಿಸಿ, ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಸರ್ ಅವರ ನೆನಪಿಗೆ ಫ್ರೇಸರ್ ಟೌನ್ ಎಂದು ಹೆಸರಿಟ್ಟು, 1910ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಲಾಯಿತು. ಇಲಿ ಬಿಲ ತೋಡಲಾಗದಂತಹ ನೆಲಗಟ್ಟು, ಮನೆ ಮನೆಗಳ ನಡುವೆ ತೆರಪು, ಗಾಳಿ ಬೆಳಕು ಸರಾಗವಾಗಿ ಹಾಯುವ ಕೋಣೆಗಳು, ಇವು ಆ ವಿನ್ಯಾಸದ ಜೀವಾಳ. ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಈ ಅನುಭವವನ್ನೆಲ್ಲ ಕ್ರೋಡೀಕರಿಸಿ, ಪ್ಲೇಗನ್ನು ತಡೆಯಬಲ್ಲ ನಗರ ಯೋಜನೆಯ ಕುರಿತಾದ ಗ್ರಂಥವನ್ನು 1914ರಲ್ಲಿ ಪ್ರಕಟಿಸಿದರು. ಇಂದಿಗೂ ಆ ಬಡಾವಣೆಯ ಒಂದು ರಸ್ತೆಗೆ ಅವರ ಹೆಸರಿದೆ. ರೋಗಿಯನ್ನು ಬೆನ್ನಟ್ಟುವುದಕ್ಕೆ ಬದಲಾಗಿ ರೋಗ ನೆಲೆಯೂರುವ ಜಾಗವನ್ನೇ ಇಲ್ಲವಾಗಿಸಿದ ಈ ಯೋಜನೆಯನ್ನು ದಂಡಿನ ಆಡಳಿತದ ಅತ್ಯಂತ ವಿವೇಕದ ಕೆಲಸವೆಂದೇ ಎಣಿಸಬೇಕು. ಆದರೂ ನಿವೇಶನ ಕೊಂಡು ಕಟ್ಟಿಸುವ ಶಕ್ತಿಯುಳ್ಳವರಿಗೆ ಒದಗಿದ ಈ ರಕ್ಷಣೆ, ಇಕ್ಕಟ್ಟಿನ ಗಲ್ಲಿಗಳಲ್ಲೇ ಉಳಿಯಬೇಕಾದ ಕೂಲಿಕಾರರಿಗೆ ಎಟುಕುವಂಥದ್ದಾಗಿರಲಿಲ್ಲವೆಂಬುದು ಅದರ ದೊಡ್ಡ ಕೊರತೆ.

1947ರಲ್ಲಿ ದಂಡು ಮೈಸೂರಿಗೆ ಮರಳಿತು. ಫ್ರೇಸರ್ ಟೌನಿಗೆ ಕಾಲಾಂತರದಲ್ಲಿ ಪುಲಿಕೇಶಿನಗರವೆಂಬ ಹೆಸರು ಬಂದಿತು. ಆದರೆ ಪ್ಲೇಗಿನ ಕಾಲದ ಕಾಯ್ದೆ ಮಾತ್ರ ಉಳಿದುಕೊಂಡಿತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಜಾರಿಯಲ್ಲಿದ್ದರೂ, 2020ರ ಮಾರ್ಚ್‌ನಲ್ಲಿ ಕೋವಿಡ್ ತಲೆದೋರಿದಾಗ ಕರ್ನಾಟಕ ಸರ್ಕಾರ ತನ್ನ ಮೊದಲ ನಿಯಮಾವಳಿಯನ್ನು ಹೊರಡಿಸಿದ್ದು 1897ರ ಆ ಕಾಯ್ದೆಯ ಅಡಿಯಲ್ಲಿಯೇ.