ಚುಕ್ಕಿಗಳ ನಡುವೆ ನೆಲದ ಪಾಲು

ಕೊನೆಯಿಲ್ಲದ ಬಯಲಿನಲ್ಲಿ ಮನಬಂದಂತೆ ಚೆಲ್ಲಿದ ಚುಕ್ಕಿಗಳಿವೆ ಎನ್ನಿ. ನೆಲವೆಲ್ಲ ಅವಕ್ಕೆ ಸಮನಾಗಿ ಹಂಚಿಕೆಯಾಗಬೇಕು. ಹತ್ತಿರದ ಚುಕ್ಕಿಗೇ ನೆಲ ಎಂದರೆ, ಒತ್ತಾಗಿ ಬಿದ್ದವಕ್ಕೆ ಅಂಗೈಯಗಲ, ಒಂಟಿಯಾಗಿದ್ದವಕ್ಕೆ ಹೊಲದಗಲ ಸಿಕ್ಕೀತು.

ಈ ತೊಡಕಿಗೆ ದಾರಿ ತೋರಿದ್ದು ಮದುವೆಯ ಲೆಕ್ಕ! 1962ರಲ್ಲಿ ಅಮೆರಿಕದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ತಮಗೆ ಸಿಕ್ಕವರಿಗಿಂತ ಪರಸ್ಪರರನ್ನೇ ಹೆಚ್ಚು ಬಯಸುವ ಗಂಡುಹೆಣ್ಣು ಎಲ್ಲೂ ಉಳಿಯದಂಥ ಜೋಡಣೆಯೇ ‘ಸ್ಥಿರ’. ಅದು ಯಾವಾಗಲೂ ಸಾಧ್ಯವೆಂದು ಸಾಧಿಸಿದರು. ತಮಾಷೆಯೆಂದರೆ, ಅಮೆರಿಕದ ಆಸ್ಪತ್ರೆಗಳು 1952ರಿಂದಲೇ ಎಳೆಯ ವೈದ್ಯರನ್ನು ಹಂಚಿಕೊಳ್ಳಲು ಹೆಚ್ಚುಕಡಿಮೆ ಇದೇ ಕ್ರಮ ಅನುಸರಿಸುತ್ತಿದ್ದವು. ಲೇಖಕರಿಗೆ ಅದು ಆಗ ಗೊತ್ತಿರಲಿಲ್ಲ. ಶಾಪ್ಲಿಗೆ 2012ರಲ್ಲಿ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ದರು.

2006ರಲ್ಲಿ ಹಾಫ್‌ಮನ್, ಹಾಲ್‌ರಾಯ್ಡ್, ಪೆರೆಸ್ ಎಂಬ ಮೂವರು ಚುಕ್ಕಿಗೂ ನೆಲಕ್ಕೂ ‘ಮದುವೆ’ ಮಾಡಿಸಿದರು. ಇಬ್ಬರಿಗೂ ಹತ್ತಿರದ್ದೇ ಇಷ್ಟ. ಪ್ರತಿ ಚುಕ್ಕಿಯ ಸುತ್ತ ವೃತ್ತವೊಂದು ಒಂದೇ ವೇಗದಲ್ಲಿ ಬೆಳೆಯುತ್ತದೆ. ಮೊದಲು ಮುಟ್ಟಿದವರಿಗೆ ನೆಲ. ಪಾಲು ತುಂಬಿದೊಡನೆ ವೃತ್ತ ನಿಲ್ಲುತ್ತದೆ. ಹೀಗೆ ಎಲ್ಲ ನೆಲವೂ ಸಮನಾಗಿ ಹಂಚಿಹೋಗುತ್ತದೆ. ಆದರೆ ಗುಂಪಿನ ನಡುವೆ ಸಿಕ್ಕಿಬಿದ್ದ ಚುಕ್ಕಿಗೆ ಅಕ್ಕಪಕ್ಕದವರ ಪಾಲುಗಳನ್ನೆಲ್ಲ ದಾಟಿ, ದೂರದಲ್ಲೆಲ್ಲೋ ತುಂಡುತುಂಡಾಗಿ ಸಿಕ್ಕೀತು. ಎಷ್ಟು ದೂರ? ನೆಲದಿಂದ ಅದರ ಚುಕ್ಕಿಗಿರುವ ದೂರದ ಸರಾಸರಿ ಅನಂತ! ಯಾವ ಜಾಗಕ್ಕೂ ಪಕ್ಷಪಾತ ಮಾಡದೆ ಸಮನಾಗಿ ಹಂಚುವ ಬೇರಾವ ವಿಧಾನ ಹಿಡಿದರೂ, ಇಂಥ ಬಯಲಿನಲ್ಲಿ ಇದು ತಪ್ಪದೆಂದು ಗಣಿತ ಸಾಧಿಸಿದೆ.