ಕಂಪ್ಯೂಟರ್ ಪರೀಕ್ಷೆ ಬರೆದರೆ ಕಲಿತದ್ದು ತಲೆಯಲ್ಲಿ ನಿಲ್ಲುವುದಿಲ್ಲವೇ?

‘ಮೌಸ್ ಒತ್ತಿ ಪಾಸಾದವರಿಗೆ ವಿಷಯ ಏನು ಗೊತ್ತಿರುತ್ತೆ?’ ಎಂಬ ಮಾತನ್ನು ನೀವೂ ಕೇಳಿರಬಹುದು. ಹುಬ್ಬಳ್ಳಿ-ಧಾರವಾಡದಂಥ ಓದುವವರ ಊರಿನಲ್ಲಿ ಇದು ಹಗುರ ಮಾತಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಉಪನ್ಯಾಸಕರಾಗಬೇಕೆನ್ನುವವರು ಬರೆಯುವ ಯುಜಿಸಿ-ನೆಟ್ 2018ರ ಡಿಸೆಂಬರ್‌ನಲ್ಲೇ ಕಂಪ್ಯೂಟರ್‌ಗೆ ಬಂತು. (2024ರ ಜೂನ್‌ನಲ್ಲಿ ಒಮ್ಮೆ ಪೆನ್ನು-ಕಾಗದಕ್ಕೆ ಮರಳಿತ್ತು. ಮರುದಿನವೇ ಅದು ರದ್ದಾಗಿ, ಮರುಪರೀಕ್ಷೆ ಕಂಪ್ಯೂಟರ್‌ನಲ್ಲೇ ನಡೆಯಿತು.)

ಆ ಮಾತು ಅರ್ಧ ಸತ್ಯ. ತಪ್ಪು ಪರದೆಯದಲ್ಲ, ಪ್ರಶ್ನೆಯದು. ಸ್ವೀಡನ್ನಿನ ಮಾರ್ಟನ್ ಮತ್ತು ಸೆಲ್ಯೊ 1976ರಲ್ಲೇ ಇದನ್ನು ತೋರಿಸಿದ್ದರು: ಎಂಥ ಪ್ರಶ್ನೆ ಬರುತ್ತದೆಂದು ವಿದ್ಯಾರ್ಥಿ ಅಂದುಕೊಳ್ಳುತ್ತಾನೋ ಹಾಗೆಯೇ ಓದುತ್ತಾನೆ. ಇಸವಿ, ಹೆಸರು ಕೇಳಿದರೆ ಬಾಯಿಪಾಠ ಮಾಡುತ್ತಾನೆ, ಕಾರಣ ಕೇಳಿದರೆ ಅರ್ಥಕ್ಕೆ ಇಳಿಯುತ್ತಾನೆ. ಐದು ಅಂಕದ ‘ಟಿಪ್ಪಣಿ ಬರೆಯಿರಿ’ಗೂ ಗೈಡ್ ಉರು ಹೊಡೆದೇ ಬರೆದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಇನ್ನು ನೆನಪಿನ ಮಾತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಮೂರು ಬಾರಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರು: ಶೇ 83, ಉಳಿದವರು ಶೇ 71. ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಶೇ 40, ಬರೆದವರಿಗೆ ಶೇ 61. ತಮಾಷೆ ಎಂದರೆ, ‘ನನಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಹೆಚ್ಚಿದ್ದದ್ದು ಬರೀ ಓದಿದವರಿಗೇ.

ಅಂದರೆ ಪರೀಕ್ಷೆ ಕಲಿಕೆಯನ್ನು ಅಳೆಯುವುದಷ್ಟೇ ಅಲ್ಲ, ಕಲಿಸುತ್ತದೆ ಕೂಡ. ಮೊಬೈಲ್‌ನಲ್ಲಿ ಮಾಡುವ ಅಣಕು ಪರೀಕ್ಷೆಯಿಂದಲೂ ಈ ಲಾಭ ಸಿಗುತ್ತದೆ, ಆದರೆ ಅಲ್ಲೊಂದು ಅಪಾಯವಿದೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಉತ್ತರ ಒತ್ತಿ ಮುಂದೆ ಹೋದರೆ ಆ ತಪ್ಪೇ ಸರಿಯೆಂದು ತಲೆಯಲ್ಲಿ ಕೂರಬಹುದು. ಸರಿಯುತ್ತರವನ್ನು ನೋಡಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅಂಕ ಮಾತ್ರ ನೋಡಿ ಆ್ಯಪ್ ಮುಚ್ಚುವವರು ಇದನ್ನು ಗಮನಿಸಬೇಕು.

ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡುವ ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ವಾರದ ಅಸೈನ್‌ಮೆಂಟ್‌ಗೆ ಶೇ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ 75 ಅಂಕ. ಗ್ರೂಪ್‌ನಲ್ಲಿ ಬಂದ ಉತ್ತರ ನೋಡಿ ಅಸೈನ್‌ಮೆಂಟ್ ಸಲ್ಲಿಸಿದರೆ ಆ 25 ಸಿಕ್ಕೀತು. ಉಳಿದ 75ಕ್ಕೆ ಬೇಕಾದ ಅಭ್ಯಾಸ ಅಲ್ಲೇ ಕೈತಪ್ಪುತ್ತದೆ.